ಹೊಂಡ ತೋಡುವ ಮುನ್ನ ಒಂದು ಲೆಕ್ಕ

ಕೊರೆಯುವ ಚಳಿಗೆ ಕಾಶ್ಮೀರದ ಡಲ್ ಸರೋವರ ಹೆಪ್ಪುಗಟ್ಟುತ್ತದೆ. ಆದರೂ ಅದರೊಳಗಿನ ಮೀನು ಬದುಕಿರುತ್ತವೆ. ನೀರು ಅತಿ ಭಾರವಾಗಿರುವುದು ಸುಮಾರು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಆ ನೀರು ತಳ ಸೇರುತ್ತದೆ. ಇನ್ನೂ ತಣ್ಣಗಾದದ್ದು ಮೇಲೇ ಉಳಿದು ಗಡ್ಡೆಯಾಗಿ, ಕೌದಿ ಹೊದಿಸಿದಂತೆ ಕೆಳಗಿನ ನೀರನ್ನು ಕಾಯುತ್ತದೆ. ಹಿಮ ಬೀಳುವ ನಾಡಿನವರು ಹಿತ್ತಲ ಹೊಂಡವನ್ನು ಆಳಕ್ಕೆ ತೋಡುವುದು ಇದಕ್ಕೇ.

ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಯ ಹೊಂಡಗಳಿಗೆ ಹಿಮದ ಚಿಂತೆಯಿಲ್ಲ. ಇಲ್ಲಿ ನೀರು ಕದಿಯುವುದು ಬೇಸಿಗೆಯ ಬಿಸಿಲು, ಗಾಳಿ. ಕಳ್ಳ ಬೇರೆ, ಮದ್ದು ಮಾತ್ರ ಅದೇ: ಆಳ.

2014ರಲ್ಲಿ ಕೃಷಿಭಾಗ್ಯ ಯೋಜನೆ ಬಂದ ಮೇಲೆ ರಾಜ್ಯದ ಮಳೆಯಾಶ್ರಿತ ಹೊಲಗಳಲ್ಲಿ ಕೃಷಿಹೊಂಡ ಪರಿಚಿತ ನೋಟ. ಮೇಲ್ಭಾಗ 10 ಮೀಟರ್ ಉದ್ದ, 10 ಮೀಟರ್ ಅಗಲ, ಆಳ 3 ಮೀಟರ್, ತಳ 4 ಮೀಟರ್ ಚೌಕ ಎಂದಿಟ್ಟುಕೊಳ್ಳಿ. ಇಳಿಜಾರು ಬದಿಯ ಆ ಹೊಂಡದಲ್ಲಿ 1,56,000 ಲೀಟರ್ ನೀರು ಹಿಡಿಯುತ್ತದೆ. ದಿನಕ್ಕೆ 6 ಮಿಲಿಮೀಟರ್ ಆವಿಯಾದರೆ, ತುಂಬಿದ ಹೊಂಡದಿಂದ ದಿನಕ್ಕೆ 600 ಲೀಟರ್ ಹೋಯಿತು. ಅಷ್ಟೇ ನೀರನ್ನು ಒಂದೇ ಮೀಟರ್ ಆಳದ ಅಗಲ ಗುಂಡಿಯಲ್ಲಿ ನಿಲ್ಲಿಸಿದ್ದರೆ? ದಿನಕ್ಕೆ 900 ಲೀಟರಿಗೂ ಹೆಚ್ಚು. ಬಿಸಿಲು ಸುಂಕ ವಸೂಲಿ ಮಾಡುವುದು ನೀರಿನ ಮೈ ನೋಡಿ, ಆಳ ನೋಡಿ ಅಲ್ಲ.

ಇನ್ನೊಂದು ಸೋರಿಕೆ ನೆಲದೊಳಗೆ. ಎರೆಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜವಿದೆ. ಅದರ ತೆಳು ಪದರಗಳ ನಡುವೆ ನೀರು ಸೇರಿದರೆ ಮಣ್ಣು ಉಬ್ಬಿ ರಂಧ್ರಗಳು ಮುಚ್ಚಿಕೊಳ್ಳುತ್ತವೆ. ಒಣಗಿದರೆ ಕುಗ್ಗಿ, ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಎರೆ ಹೊಲದ ಹೊಂಡ ಒಮ್ಮೆ ಪೂರ್ತಿ ಬತ್ತಿತೆಂದರೆ ಮುಂದಿನ ಮುಂಗಾರಿನ ಮೊದಲ ನೀರನ್ನು ಆ ಬಿರುಕುಗಳೇ ಕುಡಿಯುತ್ತವೆ. ತಳದಲ್ಲಿ ಮೊಣಕಾಲುದ್ದ ನೀರು ಉಳಿಸಿಕೊಂಡವರು ಜಾಣರು. ಹಸಿಯಾದ ಎರೆ ಕುಸಿಯುವುದೂ ಬೇಗ, ಆದ್ದರಿಂದ ಬದಿಯನ್ನು ಕಡಿದಾಗಿ ಕಡಿಯಬಾರದು. ಮಸಾರಿ ಹೊಲದ ಕತೆಯೇ ಬೇರೆ. ಅಲ್ಲಿ ನೀರು ಸಲೀಸಾಗಿ ಬಸಿಯುತ್ತದೆ, ಪ್ಲಾಸ್ಟಿಕ್ ಹಾಳೆ ಹಾಸದೆ ಗತಿಯಿಲ್ಲ.

ತುಂಬಿಸುವುದು ಕಷ್ಟವಲ್ಲ. ಒಂದು ಎಕರೆ ಮೇಲೆ 100 ಮಿಲಿಮೀಟರ್ ಮಳೆಯೆಂದರೆ 4 ಲಕ್ಷ ಲೀಟರ್. ಅದರಲ್ಲಿ ಐದನೇ ಒಂದು ಪಾಲು ಹರಿದು ಬಂದರೂ ಅರ್ಧ ಹೊಂಡ ತುಂಬಿತು. ಜೊತೆಗೆ ಮಣ್ಣೂ ಬರುತ್ತದೆ. ನೀರು ಒಳಬರುವ ಬಾಯಿಗೆ ಹೂಳು ತಡೆಯುವ ಸಣ್ಣ ಗುಂಡಿ ತೋಡದಿದ್ದರೆ, ಕಷ್ಟಪಟ್ಟು ಪಡೆದ ಆಳ ವರ್ಷವರ್ಷವೂ ಮುಚ್ಚಿಹೋಗುತ್ತದೆ. ಮಳೆ ಕೈಕೊಟ್ಟಾಗ ಬ್ಯಾಡಗಿ ಮೆಣಸಿನಕಾಯಿ ಗಿಡಕ್ಕೆ ಕೊಡುವ ಒಂದೆರಡು ನೀರು ನಿಂತಿರುವುದೇ ಈ ಆಳದಲ್ಲಿ.

ಆದರೆ ಆಳಕ್ಕೊಂದು ಅಪಾಯವೂ ಇದೆ. ಪ್ಲಾಸ್ಟಿಕ್ ಹಾಸಿದ ಇಳಿಜಾರು ಪಾಚಿಗಿಂತ ಜಾರು. ಬಿದ್ದವರು, ಈಜು ಬಲ್ಲವರಾದರೂ, ಹತ್ತಿ ಬರಲಾರರು. ಹೊಂಡದ ಸುತ್ತ ತಂತಿ ಬೇಲಿ ಹಾಕಿಸಿ. ಗಂಟು ಹಾಕಿದ ಹಗ್ಗವೊಂದನ್ನು ದಡದ ಗೂಟಕ್ಕೆ ಕಟ್ಟಿ ನೀರಿಗೆ ಇಳಿಬಿಡಿ, ಇವತ್ತೇ.