ಹಾವು ಕಚ್ಚಿದರೆ ಮೊದಲು ಗಡಿಯಾರ ನೋಡಿ

2019ರ ನವೆಂಬರ್ 20ರಂದು ಸುಲ್ತಾನ್ ಬತ್ತೇರಿಯ ಸರಕಾರಿ ಶಾಲೆಯಲ್ಲಿ ಐದನೇ ತರಗತಿಯ ಬಾಲಕಿಯೊಬ್ಬಳಿಗೆ ಪಾಠದ ಕೋಣೆಯೊಳಗೇ ಹಾವು ಕಚ್ಚಿತು. ಆಸ್ಪತ್ರೆಯಿಂದ ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಹೊತ್ತು ಮೀರಿತು. ಕಲ್ಲಿಕೋಟೆ ಮುಟ್ಟುವ ಮೊದಲೇ ಮಗು ತೀರಿಹೋಯಿತು.

ಗಾಯ ಸಣ್ಣದೆಂದು ಸುಮ್ಮನಿರಬೇಡಿ. ಕಟ್ಟುಹಾವು ಕಚ್ಚಿದಲ್ಲಿ ನೋವು, ಬಾವು ಇಲ್ಲದಿರಬಹುದು. ರಾತ್ರಿ ನೆಲದ ಮೇಲೆ ಮಲಗಿದವರು ಬೆಳಿಗ್ಗೆ ಹೊಟ್ಟೆನೋವೆನ್ನುತ್ತಾರೆ. ಆಮೇಲೆ ರೆಪ್ಪೆ ಇಳಿಯುತ್ತದೆ, ಉಸಿರು ಕಟ್ಟುತ್ತದೆ. ಕೊಳಕುಮಂಡಲದ ವಿಷವೇರಿದರೆ ರಕ್ತ ಹೆಪ್ಪುಗಟ್ಟದು. ಇದನ್ನು ತಿಳಿಯಲು ವೈದ್ಯರು ಒಣಗಿದ ಗಾಜಿನ ನಳಿಕೆಯಲ್ಲಿ 2 ಮಿ.ಲೀ. ರಕ್ತವನ್ನು 20 ನಿಮಿಷ ಅಲುಗಿಸದೆ ಇಡುತ್ತಾರೆ, ಅಷ್ಟೇ! ದೊಡ್ಡ ಯಂತ್ರವೇನೂ ಬೇಡ. ಮೊದಲ ಸಲ ಹೆಪ್ಪುಗಟ್ಟಿದರೂ ಮತ್ತೆ ಮತ್ತೆ ನೋಡಬೇಕು. ಒಂದು ದಿನ ಆಸ್ಪತ್ರೆಯಲ್ಲಿರಿ ಎಂದರೆ ಬೇಸರಪಡಬೇಡಿ. ವಿಷನಿರೋಧಕ ಮದ್ದು ಮಕ್ಕಳಿಗೂ ದೊಡ್ಡವರಷ್ಟೇ ಬೇಕು.

ಕಾಫಿ ತೋಟದ ತರಗೆಲೆಯಲ್ಲಿ ಅಡಗುವ, ಮೂಗು ಮೇಲಕ್ಕೆ ತಿರುಗಿದ ಸಣ್ಣ ಹಾವಿನ ವಿಷಕ್ಕೆ ಈ ಮದ್ದು ನಾಟುವುದಿಲ್ಲ. ಆದರೂ ಆಸ್ಪತ್ರೆಗೆ ಹೋಗಲೇಬೇಕು. ಅದು ಮೂತ್ರಪಿಂಡ ಕೆಡಿಸಬಲ್ಲದು.

ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ, ಹಾವನ್ನು ಅಟ್ಟಿಕೊಂಡು ಹೋಗಬೇಡಿ. ಉಂಗುರ, ಬಳೆ ತೆಗೆಯಿರಿ. ಕಚ್ಚಿದ ಕೈಕಾಲು ಅಲುಗದಂತೆ ಮಲಗಿಸಿ, ಜೀಪು ಬರುವಷ್ಟರಲ್ಲಿ ಆಸ್ಪತ್ರೆಗೆ ಫೋನ್ ಮಾಡಿ, ಮದ್ದಿದೆಯೇ ಎಂದು ಕೇಳಿ.