ಡಾಂಬರಿನ ಮೇಲೆ ಹುಟ್ಟಿದ ಸರ್ವ್

1913ರಲ್ಲಿ ವಿಂಬಲ್ಡನ್‌ಗೆ ಬಂದ ಅಮೆರಿಕದ ಕೆಂಗೂದಲಿನ ತರುಣ ಮಾರಿಸ್ ಮೆಕ್‌ಲಾಫ್ಲಿನ್ ಅವರ ಸರ್ವ್ ನೋಡಲು ಜನ ಮುಗಿಬಿದ್ದರು. ಚೆಂಡನ್ನು ಮೇಲೆಸೆದು, ಮೈಯ ಬಲವನ್ನೆಲ್ಲ ರ್‍ಯಾಕೆಟ್‌ಗೆ ಸುರಿದು ಬಾರಿಸಿ, ಮರುಕ್ಷಣವೇ ನೆಟ್‌ನತ್ತ ನುಗ್ಗುವ ಆಟ ಅದು. ಕೊನೆಯ ಪಂದ್ಯದಲ್ಲಿ ನ್ಯೂಜಿಲೆಂಡಿನ ಟೋನಿ ವೈಲ್ಡಿಂಗ್ ಎದುರು ಸೋತರೂ ‘ಕ್ಯಾಲಿಫೋರ್ನಿಯಾದ ಧೂಮಕೇತು’ ಎಂಬ ಬಿರುದು ಅವರಿಗೆ ಅಂಟಿಕೊಂಡಿತು.

ಅವರು ಆಟ ಕಲಿತದ್ದು ಕ್ಲಬ್ಬಿನಲ್ಲಲ್ಲ, ಊರಿನ ಪಾರ್ಕಿನಲ್ಲಿ.

ಸ್ಯಾನ್ ಫ್ರಾನ್ಸಿಸ್ಕೊದ ಗೋಲ್ಡನ್ ಗೇಟ್ ಪಾರ್ಕ್ ಮೊದಲಿಗೆ ಬರೀ ಮರಳುದಿಬ್ಬ. ಗಿಡಮರ ನೆಟ್ಟು ಅದನ್ನು ಹಸಿರಾಗಿಸಿದ ಮೇಲೆ 1894ರಲ್ಲಿ ಅಲ್ಲಿ ಟೆನಿಸ್ ಅಂಕಣಗಳು ಬಂದವು. ಆಗ ಅಮೆರಿಕದ ರಾಷ್ಟ್ರೀಯ ಚಾಂಪಿಯನ್‌ಷಿಪ್ ನಡೆಯುತ್ತಿದ್ದದ್ದು ಪೂರ್ವ ಕರಾವಳಿಯ ನ್ಯೂಪೋರ್ಟ್‌ನಲ್ಲಿ, ಸಿರಿವಂತರ ಬೇಸಿಗೆ ಬಿಡಾರದ ಹುಲ್ಲುಹಾಸಿನ ಮೇಲೆ. ಹುಲ್ಲಿನ ಅಂಕಣವೆಂದರೆ ದಿನಾ ನೀರು, ರೋಲರ್, ಮಾಲಿಗಳ ಸಂಬಳ. ಮಳೆಯೇ ಇಲ್ಲದ ಕ್ಯಾಲಿಫೋರ್ನಿಯಾದ ಬೇಸಿಗೆಯಲ್ಲಿ ಯಾವ ನಗರಾಡಳಿತ ಆ ಖರ್ಚು ಹೊರುತ್ತದೆ? ಪಾರ್ಕಿನ ಅಂಕಣಗಳಿಗೆ ಹಾಸಿದ ಡಾಂಬರಿಗೆ ಪೊರಕೆಯೊಂದಿದ್ದರೆ ಸಾಕು. ಉಳಿತಾಯದ ಆ ಲೆಕ್ಕಾಚಾರವೇ ಆಟದ ಚಹರೆಯನ್ನು ಬದಲಿಸಿತು.

ಹುಲ್ಲಿನ ಮೇಲೆ ಚೆಂಡು ಜಾರಿಕೊಂಡು ತಗ್ಗಿನಲ್ಲೇ ಬರುತ್ತದೆ, ಕೆಲವೊಮ್ಮೆ ದಿಕ್ಕೂ ತಪ್ಪುತ್ತದೆ. ಡಾಂಬರಿನ ಮೇಲೆ ಅದೇ ಚೆಂಡು ಎತ್ತರಕ್ಕೆ, ನೆಚ್ಚಬಹುದಾದ ಹಾಗೆ ಪುಟಿಯುತ್ತದೆ. ಜೋರಾಗಿ ಬಾರಿಸಲು ಅಂಜಿಕೆಯಿಲ್ಲ. ಮೆಕ್‌ಲಾಫ್ಲಿನ್ ಆ ಹೊಡೆತವನ್ನೇ ನ್ಯೂಪೋರ್ಟ್‌ನ ಹುಲ್ಲಿಗೆ ಹೊತ್ತೊಯ್ದು 1912 ಮತ್ತು 1913ರಲ್ಲಿ ಚಾಂಪಿಯನ್ ಆದರು. 1938ರಲ್ಲಿ ನಾಲ್ಕೂ ಗ್ರ್ಯಾಂಡ್‌ಸ್ಲಾಮ್‌ಗಳನ್ನು ಒಂದೇ ವರ್ಷ ಗೆದ್ದ ಮೊದಲಿಗ ಡಾನ್ ಬಡ್ಜ್ ಕೂಡ ಕೊಲ್ಲಿಯಾಚೆಯ ಓಕ್ಲೆಂಡಿನ ಬುಷ್‌ರಾಡ್ ಪಾರ್ಕಿನಲ್ಲಿ ಆಡಿ ಬೆಳೆದವರು.

ಆದರೆ ಗೋಲ್ಡನ್ ಗೇಟ್ ಪಾರ್ಕಿನ ಅತ್ಯಂತ ಸ್ವಾರಸ್ಯದ ಕೊಡುಗೆ ಆಲಿಸ್ ಮಾರ್ಬಲ್. ಹುಡುಗರೊಂದಿಗೆ ಬೇಸ್‌ಬಾಲ್ ಆಡುತ್ತ, ಸ್ಥಳೀಯ ವೃತ್ತಿಪರ ತಂಡದ ಅಭ್ಯಾಸದಲ್ಲೂ ಚೆಂಡು ಹಿಡಿಯುತ್ತಿದ್ದ ಹುಡುಗಿ. ಇದು ಹೆಣ್ಣುಮಕ್ಕಳಿಗೆ ತಕ್ಕುದಲ್ಲವೆಂದು ಅಣ್ಣ ಒಂದು ಟೆನಿಸ್ ರ್‍ಯಾಕೆಟ್ ಕೊಡಿಸಿದ. ತಂಗಿ ನಾಜೂಕಾಗುತ್ತಾಳೆ ಎಂದುಕೊಂಡಿದ್ದನೋ ಏನೋ! ಗೋಲ್ಡನ್ ಗೇಟ್ ಪಾರ್ಕಿನಲ್ಲಿ ಆಕೆ ರೂಢಿಸಿಕೊಂಡದ್ದು ಗಂಡಸರ ಆಟವೆನಿಸಿದ್ದ ಸರ್ವ್ ಮತ್ತು ವಾಲಿಯನ್ನೇ. ಅದರ ಬಲದಿಂದಲೇ ನಾಲ್ಕು ಸಲ ಅಮೆರಿಕದ ಪ್ರಶಸ್ತಿ, 1939ರಲ್ಲಿ ವಿಂಬಲ್ಡನ್ ಗೆದ್ದರು.

1950ರಲ್ಲಿ ಕಪ್ಪು ಆಟಗಾರ್ತಿ ಆಲ್ತಿಯಾ ಗಿಬ್ಸನ್ ಅವರಿಗೆ ದೊಡ್ಡ ಟೂರ್ನಿಗಳ ಬಾಗಿಲು ಮುಚ್ಚಿದ್ದಾಗ, ‘ಅಮೆರಿಕನ್ ಲಾನ್ ಟೆನಿಸ್’ ಪತ್ರಿಕೆಯಲ್ಲಿ ತಮ್ಮ ಕ್ರೀಡಾಲೋಕವನ್ನೇ ತರಾಟೆಗೆ ತೆಗೆದುಕೊಂಡವರೂ ಈ ಮಾರ್ಬಲ್. ಆ ವರ್ಷವೇ ಗಿಬ್ಸನ್ ಆಗ ರಾಷ್ಟ್ರೀಯ ಚಾಂಪಿಯನ್‌ಷಿಪ್ ನಡೆಯುತ್ತಿದ್ದ ಫಾರೆಸ್ಟ್ ಹಿಲ್ಸ್‌ನಲ್ಲಿ ಆಡಿದರು, 1957ರಲ್ಲಿ ವಿಂಬಲ್ಡನ್ ಗೆದ್ದರು. ಗೇಟಿನಲ್ಲಿ ಯಾರೂ ತಡೆಯದ ಕಡೆ ಆಟ ಕಲಿತವರಿಗೆ ಕ್ಲಬ್ಬುಗಳ ಗೇಟು ಹೆಚ್ಚು ಚುಚ್ಚಿರಬೇಕು.

ಎಲ್ ಸಾಲ್ವಡಾರ್‌ನಿಂದ ವಲಸೆ ಬಂದ ಕುಟುಂಬದ ರೋಸಿ ಕಾಸಲ್ಸ್ ಅವರನ್ನು ಸಾಕಿದ ಹಿರಿಯರು ಕರೆತಂದದ್ದೂ ಇದೇ ಪಾರ್ಕಿಗೆ. ಬಿಲ್ಲಿ ಜೀನ್ ಕಿಂಗ್ ಜೊತೆಗೂಡಿ ವಿಂಬಲ್ಡನ್ ಡಬಲ್ಸ್ ಪ್ರಶಸ್ತಿಯನ್ನು ಐದು ಬಾರಿ ಗೆದ್ದ ಅವರು, 1972ರಲ್ಲಿ ನೇರಳೆ ಚಿತ್ತಾರದ ಉಡುಪು ತೊಟ್ಟು ಬಿಳಿಬಟ್ಟೆಯ ವಿಂಬಲ್ಡನ್ನನ್ನು ಕೆಣಕಿದರು. ಅದಕ್ಕೆ ಎರಡು ವರ್ಷ ಮೊದಲೇ, ಬಹುಮಾನದ ಹಣದಲ್ಲಿನ ತಾರತಮ್ಯ ವಿರೋಧಿಸಿ ಒಂದು ಡಾಲರಿನ ಒಪ್ಪಂದಕ್ಕೆ ಸಹಿ ಹಾಕಿದ ಒಂಬತ್ತು ಆಟಗಾರ್ತಿಯರಲ್ಲೂ ಅವರಿದ್ದರು.

ಆ ಹಳೆಯ ಅಂಕಣಗಳನ್ನು ಕೆಡವಿ ಕಟ್ಟಿದ ಹೊಸ ಟೆನಿಸ್ ಕೇಂದ್ರ 2021ರಲ್ಲಿ ತೆರೆಯಿತು. ದೀಪಗಳಿವೆ, ದಾನಿಗಳ ಹೆಸರಿದೆ. ಆಡಬೇಕಾದರೆ ಶುಲ್ಕವೂ ಇದೆ. ನಗರದ ಬಡಾವಣೆಗಳ ಪಾರ್ಕುಗಳಲ್ಲಿ ಈಗ ಹೊಸ ತಕರಾರು: ಟೆನಿಸ್ ಅಂಕಣದ ಮೇಲೇ ಪಿಕಲ್‌ಬಾಲ್ ಎಂಬ ಆಟದ ಗೆರೆಗಳು ಬಿದ್ದಿವೆ. ಒಂದು ಟೆನಿಸ್ ಅಂಕಣದ ಜಾಗದಲ್ಲಿ ನಾಲ್ಕು ಪಿಕಲ್‌ಬಾಲ್ ಅಂಕಣ ಹಿಡಿಸುತ್ತವೆ, ಹದಿನಾರು ಮಂದಿ ಒಟ್ಟಿಗೆ ಆಡಬಹುದು. ಡಾಂಬರನ್ನು ಆರಿಸಿದ ಅದೇ ಲೆಕ್ಕಾಚಾರ ಈ ಸಲ ಟೆನಿಸ್‌ನವರ ಕಡೆಗಿಲ್ಲ.