ತಲೆ ಮುಂದೆ ಮಾಡಿ ನುಗ್ಗುವವಳು

2021ರ ಅಕ್ಟೋಬರ್ 7ರಂದು ಓಸ್ಲೊದಲ್ಲಿ ನಡೆದ ಆ ಫೈನಲ್ ನೋಡಿದ ನಮ್ಮವರಿಗೆಲ್ಲ ನೆನಪಿರುವುದು ಒಂದೇ ಮುಖ, ಅನ್ಶು ಮಲಿಕ್. ಇರಬೇಕಾದದ್ದೇ! ಹರಿಯಾಣದ ನಿಡಾನಿ ಎಂಬ ಹಳ್ಳಿಯ ಇಪ್ಪತ್ತರ ಹುಡುಗಿ, ವಿಶ್ವ ಕುಸ್ತಿ ಚಾಂಪಿಯನ್‌ಷಿಪ್‌ನ ಫೈನಲ್ ತಲುಪಿದ ಮೊದಲ ಭಾರತೀಯ ಮಹಿಳೆ. ಮೊದಲ ಮೂರು ನಿಮಿಷ ಮುಗಿದಾಗ 1-0 ಮುಂದಿದ್ದಳು. ಎರಡನೇ ಅವಧಿ ಶುರುವಾಯಿತು, ಎದುರಾಳಿಯ ಕೈಗೆ ಅನ್ಶುವಿನ ತೋಳು ಸಿಕ್ಕಿತು, ಅಷ್ಟೇ. ಬಿಡಲಿಲ್ಲ ಆಕೆ! ತಿರುಚಿದಳು, ಉರುಳಿಸಿದಳು, ಮತ್ತೆ ತಿರುಚಿದಳು, ಎರಡೂ ಭುಜ ಮ್ಯಾಟಿಗೆ ತಾಗಿಸಿದಳು. ಚಿತ್! ಅನ್ಶು ನೋವಿನಿಂದ ಅಳುತ್ತಿದ್ದಳು, ವೈದ್ಯರು ಓಡಿ ಬಂದರು, ನಾವು ಬೆಳ್ಳಿಯ ಸಮಾಧಾನ ಹೇಳಿಕೊಂಡು ಟಿವಿ ಆರಿಸಿದೆವು.

ಆ ಇನ್ನೊಬ್ಬಳು ಯಾರು ಎಂದು ನಮ್ಮಲ್ಲಿ ಎಷ್ಟು ಜನ ಕೇಳಿಕೊಂಡೆವು?

ಆಕೆ ಹೆಲೆನ್ ಮಾರೂಲಿಸ್. ಅಮೆರಿಕದ ಮೇರಿಲ್ಯಾಂಡ್‌ನವಳು, ತಂದೆಯ ಕಡೆಯಿಂದ ಗ್ರೀಕ್ ಮೂಲ. ಆಗಷ್ಟೇ ಮೂವತ್ತು ತುಂಬಿತ್ತು. ಆಕೆಯ ಕತೆಯನ್ನು ಹಿಂದಕ್ಕೆ ಹಿಂದಕ್ಕೆ ಬಿಚ್ಚುತ್ತ ಹೋದರೆ ಎಲ್ಲಿಗೆ ಬಂದು ಮುಟ್ಟುತ್ತದೆ ಗೊತ್ತೇ? ನಮ್ಮ ದೆಹಲಿಗೆ! ಹೆಲೆನ್‌ಳ ಬದುಕನ್ನು ತಲೆಕೆಳಗು ಮಾಡಿದ ಪೆಟ್ಟು ಬಿದ್ದದ್ದು ಭಾರತದ ಒಂದು ಕುಸ್ತಿ ಲೀಗ್‌ನಲ್ಲಿ, 2018ರ ಜನವರಿಯಲ್ಲಿ. ಅದಾಗಿ ಮೂರು ವರ್ಷ ಒಂಬತ್ತು ತಿಂಗಳಿಗೆ ವಿಶ್ವ ಪಟ್ಟ ಮರಳಿ ಸಿಕ್ಕಿತಲ್ಲ, ಆಗ ಎದುರಿಗಿದ್ದವಳೂ ಭಾರತದವಳೇ. ಕಾದಂಬರಿಯಲ್ಲಿ ಹೀಗೆ ಬರೆದಿದ್ದರೆ ಸಂಪಾದಕರು ಇದು ಅತಿಯಾಯಿತು ಎಂದು ಹೊಡೆದು ಹಾಕುತ್ತಿದ್ದರು.

ಮೊದಲು ಆ ಪೆಟ್ಟಿಗಿಂತ ಹಿಂದಿನ ಹೆಲೆನ್‌ಳನ್ನು ನೋಡಬೇಕು, ಏಕೆಂದರೆ ಬಿದ್ದ ಎತ್ತರ ಗೊತ್ತಾಗದೆ ಎದ್ದದ್ದರ ಬೆರಗು ಗೊತ್ತಾಗುವುದಿಲ್ಲ. ಚಿಕ್ಕಂದಿನಲ್ಲಿ ಆಕೆ ಎಲ್ಲದಕ್ಕೂ ಹೆದರುವ ಮಗು. ಏಳನೇ ವಯಸ್ಸಿನಲ್ಲಿ ಕುಸ್ತಿಗೆ ಇಳಿದದ್ದು ಸಹೋದರನ ಅಭ್ಯಾಸಕ್ಕೆ ಜೋಡಿ ಸಿಗಲಿಲ್ಲವೆಂದು! ಹುಡುಗಿಗೆ ಕುಸ್ತಿಯಲ್ಲಿ ಏನು ಭವಿಷ್ಯ ಎಂಬ ಪ್ರಶ್ನೆ ಅಮೆರಿಕದ ಮನೆಗಳಲ್ಲೂ ಇತ್ತು, ಹೆಲೆನ್‌ಳ ಮನೆಯಲ್ಲೂ ಇತ್ತು. ಅಷ್ಟರಲ್ಲಿ ಒಲಿಂಪಿಕ್ಸ್ ಬಾಗಿಲು ತೆರೆಯಿತು. 2004ರ ಅಥೆನ್ಸ್‌ನಿಂದ ಮಹಿಳಾ ಕುಸ್ತಿಯೂ ಉಂಟು ಎಂದಾಯಿತು. ಬಾಗಿಲು ತೆರೆದ ಆ ನಗರ ಆಕೆಯ ತಂದೆಯ ನಾಡಿನದು ಎಂಬುದು ಇನ್ನೊಂದು ಸೋಜಿಗ.

ಆಮೇಲಿನ ದಾರಿಯಲ್ಲಿ ಒಬ್ಬಳು ಅಡ್ಡ ನಿಂತಿದ್ದಳು. ಜಪಾನಿನ ಸಾವೊರಿ ಯೋಷಿದಾ! ಹದಿಮೂರು ವಿಶ್ವ ಪಟ್ಟ, ಮೂರು ಒಲಿಂಪಿಕ್ ಚಿನ್ನ. ಒಲಿಂಪಿಕ್ಸ್ ಮತ್ತು ವಿಶ್ವ ಚಾಂಪಿಯನ್‌ಷಿಪ್‌ಗಳಲ್ಲಿ ಆಕೆಯನ್ನು ಸೋಲಿಸಿದವರೇ ಇರಲಿಲ್ಲ. ಹೆಲೆನ್ 2011ರಲ್ಲಿ ಎದುರಿಸಿದಳು, ಯೋಷಿದಾ ಚಿತ್ ಮಾಡಿದಳು. 2012ರಲ್ಲಿ ಎದುರಿಸಿದಳು, ಮತ್ತೆ ಚಿತ್. ಅದೇ 2012ರ ಲಂಡನ್ ಒಲಿಂಪಿಕ್ಸ್‌ಗೆ ಅಮೆರಿಕ ತಂಡದಲ್ಲಿ ಜಾಗವೂ ಸಿಗಲಿಲ್ಲ. ಮೂರನೇ ಸಲ ಯೋಷಿದಾ ಎದುರು ನಿಂತದ್ದು 2016ರ ಆಗಸ್ಟ್ 18ರಂದು, ರಿಯೊ ಒಲಿಂಪಿಕ್ಸ್‌ನ 53 ಕೆ.ಜಿ. ಫೈನಲ್‌ನಲ್ಲಿ. ಹಿಂದಿನ ದಿನವಷ್ಟೇ ನಮ್ಮ ಸಾಕ್ಷಿ ಮಲಿಕ್ ಅಲ್ಲೇ ಕಂಚು ಗೆದ್ದಿದ್ದಳು, ನಮ್ಮ ವಿನೇಶ್ ಫೋಗಟ್ ಮಂಡಿಗೆ ಗಾಯ ಮಾಡಿಕೊಂಡು ಸ್ಟ್ರೆಚರ್ ಮೇಲೆ ಹೋಗಿದ್ದಳು. ಹಾಗಾಗಿ ಭಾರತದ ಕಣ್ಣು ಆ ಅಖಾಡದ ಮೇಲಿತ್ತು, ಆದರೆ ಈ ಪಂದ್ಯದ ಮೇಲಿರಲಿಲ್ಲ. ಮೊದಲ ಅವಧಿ ಮುಗಿದಾಗ ಯೋಷಿದಾ 1-0 ಮುಂದೆ. ಎರಡನೆಯದು ಶುರುವಾದೊಡನೆ ಹೆಲೆನ್ ಕೆಡವಿದಳು, 2-1. ಯೋಷಿದಾ ಎತ್ತಿ ಎಸೆಯಲು ಹೊರಟಳು, ಹೆಲೆನ್ ಮೇಲೆ ಬಂದಳು, 4-1. ಕೊನೆಯ ಗಂಟೆ! ಮಹಿಳಾ ಕುಸ್ತಿಯಲ್ಲಿ ಅಮೆರಿಕಕ್ಕೆ ಮೊದಲ ಒಲಿಂಪಿಕ್ ಚಿನ್ನ. ಸೋತ ಯೋಷಿದಾ ಬಿಕ್ಕಿ ಬಿಕ್ಕಿ ಅತ್ತು ತನ್ನ ದೇಶದ ಕ್ಷಮೆ ಕೇಳಿದಳು, ಬೆಳ್ಳಿ ಗೆದ್ದದ್ದಕ್ಕೆ.

ಮರುವರ್ಷ ಹೆಲೆನ್ ತೂಕ ಏರಿಸಿಕೊಂಡು 58 ಕೆ.ಜಿ. ವಿಭಾಗಕ್ಕೆ ಬಂದಳು. ಪ್ಯಾರಿಸ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಯಾರಿಗೂ ಒಂದು ಅಂಕವನ್ನೂ ಬಿಟ್ಟುಕೊಡದೆ ಚಿನ್ನ ಗೆದ್ದಳು. ಒಂದೇ ಒಂದು ಅಂಕವನ್ನೂ! 2015ರ ಲಾಸ್ ವೇಗಸ್ ಪಟ್ಟದ ನಂತರ ಇದು ಎರಡನೆಯದು. ಇನ್ನು ಈಕೆಯನ್ನು ಹಿಡಿಯುವವರು ಯಾರು ಎಂದು ಕುಸ್ತಿ ಲೋಕ ಬಾಯ್ತೆರೆದು ಕೂತಿದ್ದಾಗಲೇ ದೆಹಲಿ ಬಂತು.

ಪ್ರೊ ರೆಸ್ಲಿಂಗ್ ಲೀಗ್‌ನ ಮೂರನೇ ಆವೃತ್ತಿ. ಹರಿಯಾಣದ ತಂಡಕ್ಕೆ ಆಡಲು ಬಂದ ಒಲಿಂಪಿಕ್ ಚಾಂಪಿಯನ್ನನ್ನು ನಮ್ಮ ಪೂಜಾ ಢಾಂಡಾ ಸೋಲಿಸಿದಳು, ಪತ್ರಿಕೆಗಳು ಹೊಗಳಿದವು. ಹೊಗಳಿಕೆಗೆ ಪೂಜಾ ಅರ್ಹಳೇ, ಅದೇ ವರ್ಷ ಆಕೆ ವಿಶ್ವ ಚಾಂಪಿಯನ್‌ಷಿಪ್ ಕಂಚನ್ನೂ ತಂದಳು. ಆದರೆ ಆ ಲೀಗ್‌ನ ದಿನಗಳಲ್ಲೇ ಹೆಲೆನ್‌ಳ ತಲೆಗೆ ಪೆಟ್ಟಾಗಿತ್ತು. ರಕ್ತ ಬರಲಿಲ್ಲ, ಮೂಳೆ ಮುರಿಯಲಿಲ್ಲ, ಹೊರಗಿನಿಂದ ನೋಡಿದರೆ ಏನೂ ಇಲ್ಲ. ವೈದ್ಯರ ಭಾಷೆಯಲ್ಲಿ ಅದು ಕನ್ಕಷನ್.

ಇಲ್ಲಿ ಸ್ವಲ್ಪ ನಿಲ್ಲಲೇಬೇಕು. ಏಕೆಂದರೆ ಈ ತಲೆಯೊಳಗಿನ ವಿಷಯ ಓದಿದಷ್ಟೂ ಮೈ ಜುಮ್ಮೆನ್ನುತ್ತದೆ! ನಮ್ಮ ಮಿದುಳು ಗಟ್ಟಿ ಉಂಡೆ ಎಂದುಕೊಂಡಿದ್ದೇವಲ್ಲ, ಅದು ಕುಡಿಕೆಯಲ್ಲಿ ಹೆಪ್ಪುಗಟ್ಟಿದ ಮೊಸರಿನಷ್ಟು ಮೆತ್ತಗೆ. ತಲೆಬುರುಡೆಯೊಳಗೆ ದ್ರವದಲ್ಲಿ ತೇಲಿಕೊಂಡಿರುತ್ತದೆ. ತಲೆ ರಭಸದಿಂದ ಚಲಿಸಿ ಥಟ್ಟನೆ ನಿಂತರೆ, ಅಥವಾ ಥಟ್ಟನೆ ತಿರುಗಿದರೆ, ಬುರುಡೆ ನಿಂತರೂ ಮಿದುಳು ನಿಲ್ಲುವುದಿಲ್ಲ. ಒಳಗೇ ಓಲಾಡುತ್ತದೆ, ತಿರುಚಿಕೊಳ್ಳುತ್ತದೆ. ನರಕೋಶಗಳ ಉದ್ದನೆಯ ಎಳೆಗಳು ಜಗ್ಗುತ್ತವೆ. ಜಗ್ಗಿದ ಕೋಶಗಳಲ್ಲಿ ಪೊಟ್ಯಾಸಿಯಂ ಹೊರಕ್ಕೆ, ಕ್ಯಾಲ್ಸಿಯಂ ಒಳಕ್ಕೆ ನುಗ್ಗಿ ಲೆಕ್ಕಾಚಾರವೆಲ್ಲ ಏರುಪೇರು. ಅದನ್ನು ಸರಿಪಡಿಸಲು ಮಿದುಳಿಗೆ ಹೆಚ್ಚು ಶಕ್ತಿ ಬೇಕು, ಸರಿಯಾಗಿ ಅದೇ ಹೊತ್ತಿಗೆ ರಕ್ತದ ಹರಿವು ತಗ್ಗುತ್ತದೆ! ಇಷ್ಟೆಲ್ಲ ನಡೆದರೂ ಸಾಮಾನ್ಯ ಸಿ.ಟಿ. ಸ್ಕ್ಯಾನ್ ತೆಗೆದರೆ ಎಲ್ಲ ಸರಿಯಾಗಿದೆ ಎಂದೇ ಕಾಣುತ್ತದೆ. ಬೆಳಕು ಸಹಿಸಲಾಗದು, ಸದ್ದು ಸಹಿಸಲಾಗದು, ನಿದ್ದೆ ಕೆಡುತ್ತದೆ, ಮಾತು ತಡವರಿಸುತ್ತದೆ, ಮನಸ್ಸು ಹಿಡಿತಕ್ಕೆ ಸಿಗುವುದಿಲ್ಲ. ಪೂರ್ತಿ ವಾಸಿಯಾಗುವ ಮೊದಲು ಇನ್ನೊಂದು ಪೆಟ್ಟು ಬಿದ್ದರೆ ಸಣ್ಣ ಪೆಟ್ಟೂ ದೊಡ್ಡದಾಗುತ್ತದೆ.

ಹೆಲೆನ್‌ಗೆ ಇನ್ನೊಂದು ಬಿತ್ತು. ಮತ್ತೂ ಬಿತ್ತು. ಬೆಳಕು, ಸದ್ದು ತಡೆಯಲಾರದೆ ದಿನ ಕಳೆದವಳು, ವಾಸಿಯಾಯಿತು ಎಂದುಕೊಂಡು ಅಭ್ಯಾಸಕ್ಕೆ ಇಳಿದವಳು, ಮತ್ತೆ ಕುಸಿದವಳು. 2018ರ ಅಕ್ಟೋಬರ್‌ನಲ್ಲಿ ಬುಡಾಪೆಸ್ಟ್‌ನ ವಿಶ್ವ ಚಾಂಪಿಯನ್‌ಷಿಪ್‌ಗೆ ಹೋದಳು, ಹಿಂದಿನ ವರ್ಷ ಒಂದು ಅಂಕವನ್ನೂ ಕೊಡದಿದ್ದವಳು ಮೊದಲ ಸುತ್ತಿನಲ್ಲೇ ಸೋತಳು. ಭುಜಕ್ಕೆ ಶಸ್ತ್ರಚಿಕಿತ್ಸೆ ಬೇರೆ. ಮೈಯ ಗಾಯಗಳ ಹಿಂದೆಯೇ ಮನಸ್ಸಿನದು ಬಂತು. ಆಕೆ ತಾನಾಗಿ ಮಾನಸಿಕ ಆಸ್ಪತ್ರೆಗೆ ದಾಖಲಾದಳು. ಯುದ್ಧದಿಂದ ಬಂದ ಸೈನಿಕರಲ್ಲಿ ಕಾಣುವ ಆಘಾತೋತ್ತರ ಒತ್ತಡದ ಕಾಯಿಲೆ, ಪಿಟಿಎಸ್‌ಡಿ, ಎಂದು ಹೇಳಲಾಯಿತು. ಇದನ್ನೆಲ್ಲ ಆಕೆ ಮುಚ್ಚಿಡಲಿಲ್ಲ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂದು ಸಾಧಿಸುವುದೇ ಗರಡಿಯ ವಾಡಿಕೆ. ಈಕೆ ನಾನು ಬಿದ್ದೆ, ಹೀಗೆ ಬಿದ್ದೆ, ಇಷ್ಟು ಆಳಕ್ಕೆ ಬಿದ್ದೆ ಎಂದು ಕ್ಯಾಮೆರಾ ಎದುರು ಹೇಳಿದಳು. ನನ್ನ ಕೇಳಿದರೆ ಯೋಷಿದಾಳನ್ನು ಕೆಡವಿದ್ದಕ್ಕಿಂತ ಇದಕ್ಕೆ ಹೆಚ್ಚು ಗಂಡೆದೆ ಬೇಕು. ಗಂಡೆದೆ ಎಂದೆನೇ? ಇರಲಿ, ಎದೆ ಎಂದರೆ ಸಾಕು.

2019ರ ವಿಶ್ವ ಚಾಂಪಿಯನ್‌ಷಿಪ್‌ಗೆ 57 ಕೆ.ಜಿ. ವಿಭಾಗದಲ್ಲಿ ಅಮೆರಿಕದಿಂದ ಹೋದದ್ದು ಜೆನ್ನಾ ಬರ್ಕರ್ಟ್. ಹೆಲೆನ್‌ಳ ಕುಸ್ತಿ ಮುಗಿಯಿತು ಎಂದೇ ಎಲ್ಲರೂ ಅಂದುಕೊಂಡಿದ್ದರು. ಒಂದು ಹಂತದಲ್ಲಿ ಆಕೆಯೂ ಹಾಗೇ ಅಂದುಕೊಂಡಿದ್ದಳು.

ಮತ್ತೆ ಬಂದಳು! ಬಂದದ್ದು ಹೇಗೆ ಎಂಬುದೇ ನನ್ನನ್ನು ಬೆಚ್ಚಿಸುವ ಸಂಗತಿ. ಫ್ರೀಸ್ಟೈಲ್ ಕುಸ್ತಿಯಲ್ಲಿ ಎದುರಾಳಿಯ ಕಾಲು ಹಿಡಿಯುವ ದಾಳಿ ಹೇಗಿರುತ್ತದೆ ಗಮನಿಸಿದ್ದೀರಾ? ಮಂಡಿ ಬಗ್ಗಿಸಿ, ಮೈ ಇಳಿಸಿ, ಕಣ್ಣು ಮೇಲಕ್ಕಿಟ್ಟು ಒಂದೇ ನೆಗೆತಕ್ಕೆ ಒಳಗೆ ನುಗ್ಗಬೇಕು. ಎಲ್ಲಕ್ಕಿಂತ ಮೊದಲು ಹೋಗಿ ತಾಗುವುದು ತಲೆ! ಎದುರಾಳಿಯ ಪಕ್ಕೆಗೆ, ಸೊಂಟಕ್ಕೆ ತಲೆ ಒತ್ತಿ, ಅದನ್ನೇ ಮೂರನೇ ಕೈಯಾಗಿ ಬಳಸಿ ಆಕೆಯನ್ನು ತಳ್ಳಬೇಕು. ನಿಂತು ಕತ್ತು ಕತ್ತು ಹಿಡಿದಾಗ ಹಣೆಗೆ ಹಣೆ. ತಲೆ ಹಿಂದೆ ಇಟ್ಟುಕೊಂಡು ಕುಸ್ತಿ ಆಡಲು ಬರುವುದೇ ಇಲ್ಲ. ಕಾಲು ಮುರಿದವನು ಕಟ್ಟು ಹಾಕಿಕೊಂಡು ಆಡಬಹುದು, ಭುಜಕ್ಕೆ ಪಟ್ಟಿ ಸುತ್ತಬಹುದು. ಮಿದುಳಿಗೆ ಯಾವ ಪಟ್ಟಿ? ಯಾವ ಅಂಗವನ್ನು ಕಾಪಾಡಿಕೊಳ್ಳಬೇಕೋ ಅದನ್ನೇ ಮುಂದೆ ಮಾಡಿ ನುಗ್ಗಬೇಕು, ಒಂದೊಂದು ದಾಳಿಯಲ್ಲೂ! ಅದೂ ಅರೆಕ್ಷಣದ ಅನುಮಾನವಿಲ್ಲದೆ, ಏಕೆಂದರೆ ಅನುಮಾನಿಸಿ ನುಗ್ಗಿದವರಿಗೇ ಪೆಟ್ಟು ಹೆಚ್ಚು. ಎಲ್ಲದಕ್ಕೂ ಹೆದರುತ್ತಿದ್ದ ಆ ಮಗುವಿಗೆ ಬದುಕು ಇಟ್ಟ ಪರೀಕ್ಷೆ ನೋಡಿ.

2020ರ ಮಾರ್ಚ್, ಕೆನಡಾದ ಒಟ್ಟಾವಾ. ಕೋವಿಡ್ ಅನ್ನು ಜಾಗತಿಕ ಪಿಡುಗು ಎಂದು ಸಾರಿದ ಅದೇ ವಾರ, ಜಗತ್ತು ಬಾಗಿಲು ಹಾಕಿಕೊಳ್ಳುತ್ತಿದ್ದಾಗ, ಒಲಿಂಪಿಕ್ ಅರ್ಹತಾ ಪಂದ್ಯಗಳಲ್ಲಿ ಹೆಲೆನ್ ಗೆದ್ದಳು. ಹತ್ತು ದಿನದಲ್ಲಿ ಒಲಿಂಪಿಕ್ಸೇ ಮುಂದಕ್ಕೆ ಹೋಯಿತು. ಮತ್ತೆ ಒಂದು ವರ್ಷ ಕಾಯುವುದು. 2021ರ ಏಪ್ರಿಲ್‌ನಲ್ಲಿ ಟೆಕ್ಸಸ್‌ನ ಫೋರ್ಟ್ ವರ್ತ್‌ನಲ್ಲಿ ಅಮೆರಿಕ ತಂಡದ ಆಯ್ಕೆ ಪಂದ್ಯಗಳು ನಡೆದಾಗ ಎದುರಿಗೆ ಬಂದವಳು ಅದೇ ಜೆನ್ನಾ ಬರ್ಕರ್ಟ್, ತಾಯಿಯನ್ನು ಕಳೆದುಕೊಂಡು ಕೆಲವೇ ದಿನವಾಗಿದ್ದ ಜೆನ್ನಾ. ಯಾರ ಪರ ನಿಲ್ಲುವುದು ಹೇಳಿ! ಮೂರು ಪಂದ್ಯಗಳ ಸರಣಿ. ಒಂದು ಇವಳಿಗೆ, ಒಂದು ಅವಳಿಗೆ, ಮೂರನೆಯದು ನಿಮಿಷದೊಳಗೆ ಮುಗಿಯಿತು. ಹೆಲೆನ್ ಚಿತ್ ಮಾಡಿ ಗೆದ್ದಳು, ಮ್ಯಾಟಿನ ಮೇಲೆಯೇ ಅತ್ತಳು.

ಟೋಕಿಯೊ ಸೆಮಿಫೈನಲ್‌ನಲ್ಲಿ ಜಪಾನಿನ ರಿಸಾಕೊ ಕವಾಯ್ ಎದುರು 2-1ರಲ್ಲಿ ಸೋಲು. ಒಂದೇ ಅಂಕ. ಮರುದಿನ ಮಂಗೋಲಿಯಾದ ಕುಸ್ತಿಪಟುವನ್ನು 11-0ಯಿಂದ ಬಗ್ಗುಬಡಿದು ಕಂಚು. ಎರಡು ಒಲಿಂಪಿಕ್ ಪದಕ ಗೆದ್ದ ಮೊದಲ ಅಮೆರಿಕನ್ ಮಹಿಳಾ ಕುಸ್ತಿಪಟು ಎನಿಸಿದಳು. ಮತ್ತೆ ಮ್ಯಾಟಿನ ಮೇಲೆ ನಿಲ್ಲಲು ಸಿಕ್ಕಿದ್ದೇ ದೊಡ್ಡ ಕೊಡುಗೆ ಎಂಬ ಕೃತಜ್ಞತೆಯ ಮಾತನ್ನು ಆಕೆ ಮರಳಿದಂದಿನಿಂದ ಹೇಳುತ್ತಲೇ ಬಂದಿದ್ದಾಳೆ. ಆಕೆ ಆಳವಾದ ದೈವಭಕ್ತೆ, ಆ ಕೃತಜ್ಞತೆ ಮೊದಲು ಸಲ್ಲುವುದು ದೇವರಿಗೆ.

ಕೃತಜ್ಞತೆ ಎಂದರೆ ನಮಗೆ ಕಣ್ಣಮುಂದೆ ಬರುವುದು ಕೈಮುಗಿದ, ತಲೆತಗ್ಗಿಸಿದ ಚಿತ್ರ. ಸಿಕ್ಕಿದ್ದರಲ್ಲಿ ತೃಪ್ತಿ, ಇನ್ನು ಸಾಕು ಎಂಬ ಭಾವ. ಆದರೆ ಈ ಕೃತಜ್ಞತೆ ಬೇರೆಯೇ ಜಾತಿಯದು ಮಾರಾಯರೆ! ಟೋಕಿಯೊದ ಕಂಚಿಗೆ ಕಣ್ಣೀರು ಸುರಿಸಿದ ಇದೇ ಹೆಂಗಸು ಎರಡೇ ತಿಂಗಳಿಗೆ ಓಸ್ಲೊದಲ್ಲಿ ಅನ್ಶುವಿನ ತೋಳು ಹಿಡಿದು ಬಿಡದವಳು. ಪಟ್ಟು ಕಿಂಚಿತ್ತೂ ಸಡಿಲಿಸಲಿಲ್ಲ. ಸಿಕ್ಕಿದ್ದು ಕೊಡುಗೆ ಎಂದು ನಂಬಿದವಳಿಗೆ ಅದನ್ನು ಅರೆಬರೆ ಬಳಸುವುದು ಅಪಚಾರವಾಗಿ ಕಂಡಿರಬೇಕು. ಇದು ನನ್ನ ಊಹೆ, ಆದರೆ ಆ ಪಂದ್ಯವನ್ನು ಮತ್ತೆ ನೋಡಿದರೆ ಬೇರೆ ವಿವರಣೆ ಹೊಳೆಯುವುದಿಲ್ಲ. ಎದುರಾಳಿಯ ಮೇಲೆ ಸಿಟ್ಟಿಲ್ಲ, ಗೆಲ್ಲಲೇಬೇಕೆಂಬ ಗಾಬರಿಯೂ ಇಲ್ಲ, ಆರು ನಿಮಿಷದಲ್ಲಿ ಒಂದು ಸೆಕೆಂಡನ್ನೂ ವ್ಯರ್ಥ ಮಾಡದ ಹಸಿವು ಮಾತ್ರ.

ಮುಂದಿನದು ಇನ್ನೂ ಸ್ವಾರಸ್ಯ. 2022ರಲ್ಲಿ ವಿಶ್ವ ಬೆಳ್ಳಿ, 2023ರಲ್ಲಿ ಕಂಚು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಮೊದಲ ಸುತ್ತಿನಲ್ಲೇ ಯಾರು ಎದುರಾದರು? ಅನ್ಶು! 7-2ರಿಂದ ಹೆಲೆನ್ ಗೆದ್ದಳು. ವಿನೇಶ್‌ಳನ್ನು ನೂರು ಗ್ರಾಂ ತೂಕಕ್ಕಾಗಿ ಫೈನಲ್‌ನಿಂದ ಹೊರಗಿಟ್ಟ ಮರುದಿನ ಅದು, ನಮ್ಮ ಸಂಕಟದಲ್ಲಿ ಈ ಪಂದ್ಯ ಯಾರಿಗೂ ಕಾಣಲಿಲ್ಲ. ಸೆಮಿಫೈನಲ್‌ನಲ್ಲಿ ಜಪಾನಿನ ತ್ಸುಗುಮಿ ಸಕುರಾಯ್‌ಗೆ ಸೋತ ಹೆಲೆನ್, ಕಂಚಿನ ಪಂದ್ಯದಲ್ಲಿ ಕೆನಡಾದ ಹನ್ನಾ ಟೇಲರ್‌ಳನ್ನು 24 ಸೆಕೆಂಡಿಗೆ ಚಿತ್ ಮಾಡಿದಳು. ಇಪ್ಪತ್ತನಾಲ್ಕು! ಮೂರನೇ ಒಲಿಂಪಿಕ್ ಪದಕ, ಅದನ್ನು ಮುಟ್ಟಿದ ಮೊದಲ ಅಮೆರಿಕನ್ ಮಹಿಳಾ ಕುಸ್ತಿಪಟುವೂ ಆಕೆಯೇ. ಅದೇ ದಿನ ನಮ್ಮ ಅಮನ್ ಸೆಹ್ರಾವತ್ ಪುರುಷರ 57 ಕೆ.ಜಿ.ಯಲ್ಲಿ ಕಂಚು ಗೆದ್ದದ್ದು ನೆನಪಿರುವವರಿಗೆ ದಿನಾಂಕ ಹೇಳಬೇಕಿಲ್ಲ.

ಇಲ್ಲಿಗೆ ಮುಗಿಯಿತು ಎಂದುಕೊಳ್ಳುವಷ್ಟರಲ್ಲಿ 2025ರ ಸೆಪ್ಟೆಂಬರ್ ಬಂತು. ಕ್ರೊಯೇಷಿಯಾದ ಝಾಗ್ರೆಬ್, ಮತ್ತೆ ವಿಶ್ವ ಚಾಂಪಿಯನ್‌ಷಿಪ್, ಮತ್ತೆ 57 ಕೆ.ಜಿ. ಫೈನಲ್‌ನಲ್ಲಿ ಉತ್ತರ ಕೊರಿಯಾದ ಕುಸ್ತಿಪಟುವನ್ನು ಸೋಲಿಸಿ ಹೆಲೆನ್ ನಾಲ್ಕನೇ ಸಲ ವಿಶ್ವ ಪಟ್ಟ ಏರಿದಳು, ಮೂವತ್ತನಾಲ್ಕನೇ ಹುಟ್ಟುಹಬ್ಬದ ಆಸುಪಾಸಿನಲ್ಲಿ, ಮೊದಲ ಪಟ್ಟ ಗೆದ್ದು ಸರಿಯಾಗಿ ಹತ್ತು ವರ್ಷಕ್ಕೆ. ಆ ಹತ್ತರಲ್ಲಿ ಎಷ್ಟು ವರ್ಷ ಆಕೆ ಬೆಳಕಿಗೆ ಹೆದರಿ, ಸದ್ದಿಗೆ ಹೆದರಿ, ತನ್ನ ಮನಸ್ಸಿಗೇ ಹೆದರಿ ಕಳೆದಳು ಎಂದು ಲೆಕ್ಕ ಹಾಕಿ. 2028ರ ಒಲಿಂಪಿಕ್ಸ್ ಆಕೆಯದೇ ದೇಶದಲ್ಲಿ, ಲಾಸ್ ಏಂಜಲೀಸ್‌ನಲ್ಲಿ. ಆಗ ಆಕೆಗೆ ಮೂವತ್ತಾರು, ಅನ್ಶುವಿಗೆ ಇಪ್ಪತ್ತಾರು. ಈ ಇಬ್ಬರೂ ಇನ್ನೊಮ್ಮೆ ಎದುರಾದರೆ ನಾನು ಅನ್ಶುವಿನ ಪರವೇ ಕೂಗುತ್ತೇನೆ, ಅದರಲ್ಲಿ ಅನುಮಾನ ಬೇಡ. ಆದರೆ ಈ ಸಲ ಕ್ಯಾಮೆರಾ ಆಚೆಯವಳ ಕಡೆ ತಿರುಗಿದಾಗ ಟಿವಿ ಆರಿಸುವುದಿಲ್ಲ.